ಡೆಸ್ಕ್‌ಟಾಪ್ ಐಕಾನ್ ಕೆಳಗಿನ ಅಕ್ಷರ: ಸರ್ವೀಸ್ ಮೇಡಂ ಜೊತೆ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ವಾರದ ವಿಷಯ ಡೆಸ್ಕ್‌ಟಾಪ್ ಐಕಾನ್ ಕೆಳಗೆ ಬರುವ ಹೆಸರು. ಬಣ್ಣ, ಗಾತ್ರ, ಫಾಂಟ್, ನೆರಳು, ಏನಿದ್ದರೂ ಕೇಳಿ. ಉತ್ತರ ಕೊಡುವವರು ದಾವಣಗೆರೆಯಲ್ಲಿ ಕಂಪ್ಯೂಟರ್ ಸರ್ವೀಸ್ ಮಾಡುವ ನಮ್ಮ ಮೇಡಂ. ನಿಮ್ಮದು ವಿಂಡೋಸ್ 10 ಅಥವಾ 11 ಅನ್ನುವುದನ್ನೂ ಬರೆಯಿರಿ.

ನಿವೃತ್ತ ಬ್ಯಾಂಕ್ ನೌಕರ: ನಮಸ್ಕಾರ ಮೇಡಂ. ಮೊಮ್ಮಗಳ ಫೋಟೋವನ್ನು ಹಿನ್ನೆಲೆಗೆ ಹಾಕಿದ್ದೇನೆ. ಅವಳ ಬಿಳಿ ಫ್ರಾಕ್ ಮೇಲೆ ಬಂದ ಐಕಾನ್‌ಗಳ ಹೆಸರು ಕಾಣುವುದೇ ಇಲ್ಲ. ಅಕ್ಷರಕ್ಕೆ ಕಪ್ಪು ಬಣ್ಣ ಕೊಡುವುದು ಹೇಗೆ? ವಿಂಡೋಸ್ 11.

ಮೇಡಂ: ನಮಸ್ಕಾರ ಸರ್. ಬಣ್ಣ ಆರಿಸುವ ಜಾಗ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಇಲ್ಲ. ಹಿನ್ನೆಲೆಗೆ ಚಿತ್ರ ಇದ್ದರೆ ಬಿಳಿ ಅಕ್ಷರ, ಅದರ ಸುತ್ತ ಕಪ್ಪು ನೆರಳು. ಚಿತ್ರ ತೆಗೆದು ಬರೀ ತಿಳಿ ಬಣ್ಣ ಇಟ್ಟರೆ ಅಕ್ಷರ ತಾನೇ ಕಪ್ಪಾಗುತ್ತದೆ. ನಿಮ್ಮಲ್ಲಿ ನೆರಳು ಆಫ್ ಆಗಿರಬೇಕು. ಸ್ಟಾರ್ಟ್‌ನಲ್ಲಿ 'ಪರ್ಫಾರ್ಮೆನ್ಸ್' ಅಂತ ಹುಡುಕಿ, 'ಅಡ್ಜಸ್ಟ್ ದ ಅಪಿಯರೆನ್ಸ್' ಎಂದು ಶುರುವಾಗುವುದನ್ನು ತೆರೆಯಿರಿ. ಪಟ್ಟಿಯ ಕೊನೆಯ ಸಾಲಿನಲ್ಲಿ 'ಡ್ರಾಪ್ ಶ್ಯಾಡೋಸ್ ಫಾರ್ ಐಕಾನ್ ಲೇಬಲ್ಸ್' ಇದೆ. ಟಿಕ್ ಹಾಕಿ. ಇಲ್ಲವಾದರೆ ಐಕಾನ್‌ಗಳನ್ನು ಫ್ರಾಕ್ ಮೇಲಿಂದ ಪಕ್ಕಕ್ಕೆ ಎಳೆದಿಡಿ, ಮಗುವಿನ ಮುಖವೂ ಕಾಣುತ್ತದೆ.

ಪಿಯುಸಿ ವಿದ್ಯಾರ್ಥಿನಿ: ಮೇಡಂ, ಕಂಟ್ರೋಲ್ ಹಿಡಿದು ಮೌಸ್ ಚಕ್ರ ತಿರುಗಿಸಿದರೆ ಐಕಾನ್ ದೊಡ್ಡದಾಗುತ್ತೆ, ಹೆಸರು ಮಾತ್ರ ಹಾಗೇ ಇರುತ್ತೆ. ಯಾಕೆ?

ಮೇಡಂ: ಚಕ್ರ ಚಿತ್ರಕ್ಕೆ ಮಾತ್ರ. ಅಕ್ಷರಕ್ಕೆ ಬೇರೆ ದಾರಿ. ವಿಂಡೋಸ್ 11 ಆದರೆ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಟೆಕ್ಸ್ಟ್ ಸೈಜ್. 100 ರಿಂದ 225 ರವರೆಗೆ ಎಳೆಯಬಹುದು. 10 ಆದರೆ ಈಸ್ ಆಫ್ ಆಕ್ಸೆಸ್ ಒಳಗೆ, ಡಿಸ್‌ಪ್ಲೇ. ಮೆನುಗಳ ಅಕ್ಷರವೂ ಜೊತೆಗೇ ಬೆಳೆಯುತ್ತದೆ, ಗೊತ್ತಿರಲಿ.

ತಿಪಟೂರು ಡಿಟಿಪಿ: ಮೇಡಂ ಅರ್ಜೆಂಟ್. ಮೊಬೈಲ್‌ನಿಂದ ಬರೆಯುತ್ತಿದ್ದೇನೆ. ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯಲ್ಲಿ ಟೈಪ್ ಮಾಡಿದ ಫೈಲ್ ಹೆಸರುಗಳು ಡೆಸ್ಕ್‌ಟಾಪ್‌ನಲ್ಲಿ ಯಾವತ್ತೂ ಕಲಸುಮೇಲೋಗರ. ನಿನ್ನೆ ಒಂದು ಗ್ರೂಪಿನಲ್ಲಿ 'ಐಕಾನ್ ಹೆಸರು ಕನ್ನಡದಲ್ಲಿ, ಒಂದೇ ಕ್ಲಿಕ್' ಅಂತ ಫೈಲ್ ಬಂತು. ಓಡಿಸಿ ರೀಸ್ಟಾರ್ಟ್ ಮಾಡಿದೆ. ನನ್ನ ಫೈಲ್ ಹೆಸರುಗಳೆಲ್ಲ ಚೆಂದ ಕನ್ನಡದಲ್ಲಿ ಬಂದವು. ಆದರೆ ಮಿಕ್ಕಿದ್ದೆಲ್ಲ ಕೆಟ್ಟಿದೆ. ಸೆಟ್ಟಿಂಗ್ಸ್, ಮೆನು, ಬಟನ್, ಒಂದೂ ಓದಲಾಗುತ್ತಿಲ್ಲ. ಸಿ ಡ್ರೈವ್ 'ಅ' ಡ್ರೈವ್ ಆಗಿದೆ, ಡಿ ಡ್ರೈವ್ 'ಆ'. 40 ಲಗ್ನಪತ್ರಿಕೆ ಕೆಲಸ ಒಳಗಿದೆ. ಫಾರ್ಮ್ಯಾಟ್ ಮಾಡಿಸಲಾ? ವಿಂಡೋಸ್ 10.

ಮೇಡಂ: ಫಾರ್ಮ್ಯಾಟ್ ಬೇಡವೇ ಬೇಡ. ಬೇರೆ ಏನನ್ನೂ ಒತ್ತಬೇಡಿ, ಇನ್ನೊಂದು ಫೈಲ್ ಓಡಿಸಬೇಡಿ. ನಿಮ್ಮ ಕೆಲಸ ಒಂದೂ ಹೋಗಿಲ್ಲ. ಕೆಟ್ಟಿರುವುದು ಕಾಣಿಸುವ ಅಕ್ಷರ ಅಷ್ಟೇ.

ಆಗಿದ್ದು ಇದು. ಹಳೆಯ ಆಸ್ಕಿ ನುಡಿ ಫಾಂಟಿಗೆ ಹೊಂದುವ ಹಾಗೆ ನೀವು 'ಕನ್ನಡ' ಅಂತ ಟೈಪ್ ಮಾಡಿದರೆ ಕಂಪ್ಯೂಟರ್ ಒಳಗೆ ಕನ್ನಡ ಕೂರುವುದಿಲ್ಲ. ಇಂಗ್ಲಿಷಿನ ಪಿ, ತಲೆ ಮೇಲೆ ಓರೆ ಗೆರೆ ಇರುವ ಎ, ಆಮೇಲೆ ಪೌಂಡ್ ಹಣದ ಗುರುತು, ಹೀಗೆ ಕೂರುತ್ತದೆ. ಪುಟ ವಿನ್ಯಾಸ ಮಾಡುವ ಪೇಜ್‌ಮೇಕರ್‌ನಲ್ಲಿ ನುಡಿ ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಹೆಸರು ಬರೆಯುವುದು ಸೆಗೋ ಯುಐ ಅನ್ನುವ ಫಾಂಟ್. ಅದಕ್ಕೆ ವೇಷ ಹಾಕಲು ಬರುವುದಿಲ್ಲ, ಪೌಂಡ್ ಇದ್ದರೆ ಪೌಂಡನ್ನೇ ತೋರಿಸುತ್ತದೆ. ನಿಮಗೆ ಬಂದ ಫೈಲ್, ಸೆಗೋ ಕೇಳಿದ ಕಡೆಯೆಲ್ಲ ನುಡಿ ಫಾಂಟ್ ಕೊಡು ಅಂತ ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಡುವ ರಿಜಿಸ್ಟ್ರಿಯಲ್ಲಿ ಬರೆದಿರಬೇಕು. ಹಾಗಾಗಿ ನಿಮ್ಮ ಹೆಸರುಗಳು ಸರಿಯಾದವು. ಮೆನು, ಬಟನ್ ಎಲ್ಲ ನಿಜವಾದ ಇಂಗ್ಲಿಷ್ ಅಲ್ವಾ, ಅವಕ್ಕೂ ಅದೇ ವೇಷ ಬಿತ್ತು. ನುಡಿ ಫಾಂಟಿನಲ್ಲಿ ಸಿ ಜಾಗದಲ್ಲಿ 'ಅ' ಇದೆ, ಡಿ ಜಾಗದಲ್ಲಿ 'ಆ'. ಫಾಂಟಿನದು ತಪ್ಪಿಲ್ಲ. ಅದನ್ನು ಕೂರಬಾರದ ಜಾಗದಲ್ಲಿ ಕೂರಿಸಿದ್ದಾರೆ.

ಈಗ ನುಡಿ ಕೀಬೋರ್ಡ್ ಆಫ್ ಮಾಡಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ. ಇಂಗ್ಲಿಷಿನಲ್ಲಿ ಆರ್ ಎಸ್ ಟಿ ಆರ್ ಯು ಐ ಟೈಪ್ ಮಾಡಿ ಎಂಟರ್ ಕೊಡಿ. ಟೈಪ್ ಮಾಡುವಾಗ ಏನೇನೋ ಕನ್ನಡದ ತುಂಡುಗಳು ಕಾಣುತ್ತವೆ. ಕಣ್ಣು ನಂಬಬೇಡಿ, ಬೆರಳು ನಂಬಿ. ಬರುವುದು ಸಿಸ್ಟಮ್ ರಿಸ್ಟೋರ್, ವಿಂಡೋಸನ್ನು ಹಿಂದಿನ ದಿನದ ಸ್ಥಿತಿಗೆ ಮರಳಿಸುವ ಸೌಲಭ್ಯ. ಆಲ್ಟ್ ಜೊತೆ ಎನ್ ಒತ್ತಿದರೆ ಮುಂದಿನ ಪುಟ. ಅಲ್ಲಿ ದಿನಾಂಕದ ಅಂಕಿಗಳನ್ನು ಓದಬಹುದು. ನಿನ್ನೆಗಿಂತ ಹಿಂದಿನದೊಂದು ಇದ್ದರೆ ಅದನ್ನು ಆರಿಸಿ. ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ, ಆ ಫೈಲನ್ನು ಮೊಬೈಲ್‌ನಿಂದ ನನಗೆ ಕಳಿಸಿ.

ಶಿರಸಿ ಯುವಕ: ಲಿನಕ್ಸ್‌ನಲ್ಲಿ ಐಕಾನ್ ಫಾಂಟ್ ಬದಲಿಸುವುದು ಹೇಗೆ ಮೇಡಂ? ಅದರ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಬಳಸುತ್ತೇನೆ.

ಶುಭೋದಯ ಬಳಗ: ಸರ್, ನನಗೂ ಒಂದು ಫಾರ್ವರ್ಡ್ ಬಂದಿದೆ. 'ಫಾಂಟ್ಸ್ ಫೋಲ್ಡರ್‌ನಿಂದ ಸೆಗೋ ಅಳಿಸಿ, ಆಂಟಿವೈರಸ್ ಆಫ್ ಮಾಡಿ, ಈ ಫಾಂಟ್ ಪ್ಯಾಕ್ ಹಾಕಿ, 3 ಸಲ ರೀಸ್ಟಾರ್ಟ್ ಮಾಡಿ'. ಇಲ್ಲಿ ಹಾಕಲಾ, ಎಲ್ಲರಿಗೂ ಉಪಯೋಗ ಆಗುತ್ತೆ.

ಮೇಡಂ: ಹಾಕಬೇಡಿ. ಫಾಂಟ್ ಹಾಕಲು ಆಂಟಿವೈರಸ್ ಆಫ್ ಮಾಡು ಅಂತ ಯಾರಾದರೂ ಹೇಳಿದರೆ ಅವರ ಕೈಗೆ ಮನೆ ಕೀಲಿ ಕೊಟ್ಟ ಹಾಗೆ. ಮತ್ತೆ, ನಾನು ಸರ್ ಅಲ್ಲ.

ಶುಭೋದಯ ಬಳಗ: ಒಳ್ಳೆಯ ಉದ್ದೇಶಕ್ಕೆ ಕೇಳಿದೆ. ಬೈಯುವುದು ಯಾಕೆ?

ಹಾಸನದ ಮೇಷ್ಟ್ರು: ನನ್ನದು ಸಣ್ಣ ತೊಂದರೆ. ಯೂನಿಕೋಡ್‌ನಲ್ಲೇ, ಅಂದರೆ ಒಳಗೂ ಕನ್ನಡವಾಗಿಯೇ ಕೂರುವ ವಿಧಾನದಲ್ಲಿ, 'ರಾಷ್ಟ್ರಕೂಟರು' ಅಂತ ಫೋಲ್ಡರ್ ಇದೆ. ಷ್ಟ್ರ ಮಾತ್ರ ಮಸಿ ಚೆಲ್ಲಿದ ಹಾಗೆ ಕಾಣುತ್ತದೆ. ಹಿನ್ನೆಲೆ ಕಡು ಹಸಿರು. ವಿಂಡೋಸ್ 10.

ಮೇಡಂ: ಇದು ಒಳ್ಳೆಯ ಪ್ರಶ್ನೆ ಮೇಷ್ಟ್ರೇ. ಸೆಗೋದಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಕನ್ನಡ ಬಂದ ಕೂಡಲೇ ವಿಂಡೋಸ್ ಅದನ್ನು ನಿರ್ಮಲಾ ಯುಐ ಫಾಂಟಿಗೆ ದಾಟಿಸುತ್ತದೆ. ಗಾತ್ರ ಮಾತ್ರ ಇಂಗ್ಲಿಷಿಗೆ ಇಟ್ಟ 9 ಪಾಯಿಂಟೇ. ಇಂಗ್ಲಿಷ್ ಅಕ್ಷರಕ್ಕೆ ಅದು ಸಾಕು. ಷ ಕೆಳಗೆ ಟ, ಅದರ ಜೊತೆ ರ ಒತ್ತು ಕೂರಬೇಕಾದ ನಮ್ಮ ಅಕ್ಷರಕ್ಕೆ ಸಾಲುವುದಿಲ್ಲ. ಮೇಲಿಂದ ನೆರಳು ಬೇರೆ, ಒತ್ತಿನ ಸಂದಿಯೊಳಗೂ ಇಳಿದು ಕಪ್ಪಾಗಿಸುತ್ತದೆ. ನಿಮ್ಮ ಹಿನ್ನೆಲೆ ಒಂದೇ ಕಡು ಬಣ್ಣವಾದ್ದರಿಂದ ನೆರಳಿನ ಅಗತ್ಯವೇ ಇಲ್ಲ. ಬ್ಯಾಂಕ್ ಸರ್‌ಗೆ ಹೇಳಿದ ಟಿಕ್ಕನ್ನು ನೀವು ತೆಗೆಯಿರಿ. ಆಮೇಲೆ ಟೆಕ್ಸ್ಟ್ ಸೈಜ್ 120 ಮಾಡಿ ನೋಡಿ.

ಹುಬ್ಬಳ್ಳಿ ಅಂಗಡಿ: ಮೇಡಂ, ಐಕಾನ್ ಅಕ್ಷರದ ಕಲರ್ ಚೇಂಜ್ ಮಾಡೋದು ಹೆಂಗ?

ಮೇಡಂ: ಮೇಲೆ ಬರೆದಿದ್ದೇನೆ.

ಮೈಸೂರು ಅಕೌಂಟೆಂಟ್: ನನ್ನ ಅಭಿಪ್ರಾಯ ಹೇಳಲಾ? ಫೈಲ್ ಹೆಸರು ಇಂಗ್ಲಿಷಿನಲ್ಲಿ ಇಡಿ, ತಲೆನೋವೇ ಇರಲ್ಲ.

ಧಾರವಾಡ ಓದುಗ: ಅಂದ್ರೆ ಕನ್ನಡದ ಫೈಲಿಗೆ ಕನ್ನಡದ ಹೆಸರು ಇಡಬಾರದಾ? ನಿಮ್ಮಂಥವರಿಂದಲೇ ಕನ್ನಡ ಹಿಂದೆ ಬಿದ್ದಿದ್ದು.

ಮೈಸೂರು ಅಕೌಂಟೆಂಟ್: ನಾನು 20 ವರ್ಷದಿಂದ ಕನ್ನಡದಲ್ಲೇ ಲೆಕ್ಕ ಬರೆಯುತ್ತಿದ್ದೇನೆ. ನೀವು ಪಾಠ ಹೇಳಬೇಡಿ.

ಧಾರವಾಡ ಓದುಗ: ತಪ್ಪು ನುಡಿಯದು. ಯೂನಿಕೋಡ್ ಬಂದು ಎಷ್ಟು ವರ್ಷ ಆಯ್ತು, ಇನ್ನೂ ಆಸ್ಕಿ ಹಿಡಿದುಕೊಂಡು ಕೂತಿದ್ದೀರಿ.

ತಿಪಟೂರು ಡಿಟಿಪಿ: ಪ್ರೆಸ್ಸಿನವರು ಪೇಜ್‌ಮೇಕರ್ ಫೈಲ್ ಕೇಳ್ತಾರೆ ಸ್ವಾಮಿ. ಪೇಜ್‌ಮೇಕರ್‌ಗೆ ಯೂನಿಕೋಡ್ ಬರಲ್ಲ. ನೀವು ಬಂದು ಮಾಡಿಕೊಡ್ತೀರಾ?

ಮೇಡಂ: ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ವಿಂಡೋಸ್‌ನಲ್ಲೂ ಕನ್ನಡ ಕೀಬೋರ್ಡ್ ಇದೆ. ಜಗಳ ಬೇರೆ ಕಡೆ ಆಡಿ.

ಗದಗ ನಿವೃತ್ತ: ಅಮ್ಮಾ, ನಂದು ಹಳೇ ಎಕ್ಸ್‌ಪಿ. ಹೆಸರುಗಳ ಹಿಂದೆ ನೀಲಿ ಪಟ್ಟಿ ಬಂದಿದೆ.

ಮೇಡಂ: ಎಕ್ಸ್‌ಪಿಗೂ ಅದೇ ಡ್ರಾಪ್ ಶ್ಯಾಡೋ ಟಿಕ್ ಹಾಕಿ ಯಜಮಾನರೇ. ಮೈ ಕಂಪ್ಯೂಟರ್ ಪ್ರಾಪರ್ಟೀಸ್, ಅಡ್ವಾನ್ಸ್ಡ್, ಪರ್ಫಾರ್ಮೆನ್ಸ್. ಹೋಗದಿದ್ದರೆ ಡೆಸ್ಕ್‌ಟಾಪ್ ಮೇಲೆ ಬಲ ಕ್ಲಿಕ್ ಮಾಡಿ, 'ಅರೇಂಜ್ ಐಕಾನ್ಸ್ ಬೈ' ಒಳಗೆ 'ಲಾಕ್ ವೆಬ್ ಐಟಮ್ಸ್' ಟಿಕ್ ತೆಗೆಯಿರಿ. ಎಕ್ಸ್‌ಪಿಗೆ 2014 ರಿಂದ ಸುರಕ್ಷತಾ ಅಪ್‌ಡೇಟ್ ನಿಂತಿದೆ. ಅದರಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ.

ತಿಪಟೂರು ಡಿಟಿಪಿ: ಮೇಡಂ, ರಿಸ್ಟೋರ್‌ನಲ್ಲಿ ಒಂದು ದಿನಾಂಕವೂ ಇಲ್ಲ. ಫೈಲ್ ಕಳಿಸಿದ್ದೇನೆ.

ಮೇಡಂ: ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿದೆ. ತಲೆಬರಹದ ಸಾಲುಗಳನ್ನು ಬಿಟ್ಟರೆ 7 ಸಾಲು. ಸೆಗೋ ಯುಐ, ಅದರ ಬೋಲ್ಡ್, ಇಟಾಲಿಕ್, ಬೋಲ್ಡ್ ಇಟಾಲಿಕ್, ಲೈಟ್, ಸೆಮಿಬೋಲ್ಡ್, ಈ ಆರೂ ಕಡೆ ಫಾಂಟ್ ಫೈಲಿನ ಹೆಸರು ಅಳಿಸಿ ಖಾಲಿ ಬಿಟ್ಟಿದ್ದಾರೆ. ಏಳನೆಯದು, ಸೆಗೋ ಬದಲು ನುಡಿ. ಉಲ್ಟಾ ಫೈಲ್ ಮಾಡಿ ಕಳಿಸಿದ್ದೇನೆ. ಆರು ಹೆಸರು ವಾಪಸ್ ಬರೆಯುತ್ತದೆ, ಏಳನೆಯದನ್ನು ಕಿತ್ತು ಹಾಕುತ್ತದೆ. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಡಬಲ್ ಕ್ಲಿಕ್ ಮಾಡಿ. ಎರಡು ಸಲ ಪ್ರಶ್ನೆ ಕೇಳುತ್ತದೆ. ಎರಡು ಸಲವೂ ಎಡಗಡೆಯ ಬಟನ್ ಒತ್ತಿ. ಆಮೇಲೆ ರೀಸ್ಟಾರ್ಟ್.

ಶುಭೋದಯ ಬಳಗ: ಈಗ ನೀವೂ ಫೈಲೇ ಕಳಿಸಿದಿರಲ್ಲ. ನಾವು ಕಳಿಸಿದರೆ ಮಾತ್ರ ತಪ್ಪು.

ಮೇಡಂ: ನನ್ನ ಫೈಲಿನಲ್ಲಿ ಎಷ್ಟು ಸಾಲು, ಯಾವ ಸಾಲು ಏನು ಮಾಡುತ್ತದೆ ಅಂತ ಬರೆದು ಕಳಿಸಿದ್ದೇನೆ. ನಿಮ್ಮ ಫಾರ್ವರ್ಡಿನಲ್ಲಿ ಏನಿದೆ ಅಂತ ನೀವು ತೆರೆದು ನೋಡಿದ್ದೀರಾ?

ಶುಭೋದಯ ಬಳಗ: ಗ್ರೂಪ್ ಬಿಡುತ್ತೇನೆ.

ಕೋಲಾರ ಗ್ರಾಹಕ: ಐಕಾನ್ ಹೆಸರಿನ ಬಣ್ಣ ಬದಲಿಸಬಹುದಾ?

ಮೇಡಂ: ಇಲ್ಲ.

ತಿಪಟೂರು ಡಿಟಿಪಿ: ಮೇಡಂ, ಸಿ ಮತ್ತೆ ಸಿ ಆಯ್ತು! ಎಲ್ಲ ಓದಬಹುದು. ಫೈಲ್ ಹೆಸರುಗಳಿಗೆ ಮಾತ್ರ ಪೌಂಡ್ ಗುರುತು ವಾಪಸ್ ಬಂದಿದೆ. ಎಫ್2 ಒತ್ತಿ ಎಲ್ಲವನ್ನೂ ಯೂನಿಕೋಡ್‌ಗೆ ಬದಲಿಸಲಾ?

ಮೇಡಂ: ನಿಲ್ಲಿ. ಪೇಜ್‌ಮೇಕರ್ ಫೈಲಿಗೆ ಯೂನಿಕೋಡ್ ಕನ್ನಡ ಹೆಸರು ಕೊಟ್ಟರೆ ಅದು ತೆರೆಯದೆ ಕೂರಬಹುದು. ಪತ್ರಿಕೆಗೆ ಲಿಂಕ್ ಮಾಡಿದ ಗಣಪತಿ, ಓಲಗದ ಚಿತ್ರಗಳ ಹೆಸರನ್ನೂ ಮುಟ್ಟಬೇಡಿ, ಲಿಂಕ್ ಕಡಿಯುತ್ತದೆ. ಪತ್ರಿಕೆಯ ಫೈಲಿಗೆ ಇಂಗ್ಲಿಷ್ ಹೆಸರು ಇಟ್ಟು ಡಿ ಡ್ರೈವ್‌ನಲ್ಲಿ ಇಡಿ. ಅದರ ಶಾರ್ಟ್‌ಕಟ್ ಡೆಸ್ಕ್‌ಟಾಪ್‌ಗೆ ಕಳಿಸಿ. ಶಾರ್ಟ್‌ಕಟ್‌ಗೆ ಮಾತ್ರ ಎಫ್2 ಒತ್ತಿ ಯೂನಿಕೋಡ್‌ನಲ್ಲಿ ಹೆಸರು ಕೊಡಿ. ನಿಮ್ಮ ಕಣ್ಣಿಗೆ ಕನ್ನಡ, ಪೇಜ್‌ಮೇಕರ್‌ಗೆ ಇಂಗ್ಲಿಷ್.

ಮೈಸೂರು ಅಕೌಂಟೆಂಟ್: ನಾನೂ ಅದನ್ನೇ ಹೇಳಿದ್ದು.

ಧಾರವಾಡ ಓದುಗ: ನೀವು ಹೇಳಿದ್ದು ಅದಲ್ಲ.

ಶಿರಸಿ ಯುವಕ: ಮೇಡಂ, ಲಿನಕ್ಸ್?

ತಿಪಟೂರು ಡಿಟಿಪಿ: ಅಂದ್ರೆ 40 ಶಾರ್ಟ್‌ಕಟ್ ಮಾಡಬೇಕಾ?

ಮೇಡಂ: ಹೌದು.