ವಂಡರ್‌ಲಾ ಪಕ್ಕದಲ್ಲಿ ವಿಲ್ಲಾ ತಗೋಬಹುದಾ?

ರಾಜಾಜಿನಗರದವನು:

ಎಲ್ಲರಿಗೂ ನಮಸ್ಕಾರ. ಬಿಡದಿಗೆ ಸ್ವಲ್ಪ ಮುಂಚೆ, ವಂಡರ್‌ಲಾದಿಂದ ಕೂಗಳತೆ ದೂರದಲ್ಲಿ ಒಂದು ವಿಲ್ಲಾ ನೋಡಿದ್ದೇವೆ. ನಾಲ್ಕು ಬೆಡ್‌ರೂಮು, ಮನೆಗೇ ಪುಟ್ಟ ಈಜುಕೊಳ, ಮುಂದೆ ಹುಲ್ಲುಹಾಸು. ತಾರಸಿ ಮೇಲೆ ನಿಂತರೆ ಪಾರ್ಕಿನ ಜೈಂಟ್ ವೀಲ್ ಕಾಣುತ್ತದೆ. ಚೌಕಾಸಿ ಮಾಡಿ ಮಾಡಿ ಮೂರೂವರೆ ಕೋಟಿಗೆ ಬಂದು ನಿಂತಿದೆ.

ನನ್ನ ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ, ವಾರಕ್ಕೆ ಮೂರು ದಿನ ಹೋಗಬೇಕು. ನೈಸ್ ರಸ್ತೆ ಹಿಡಿದರೆ ಆಗುತ್ತದೆ ಅನ್ನುವ ಲೆಕ್ಕ. ಅಮ್ಮ ನಮ್ಮ ಜೊತೆಗೇ ಇರುತ್ತಾರೆ, ಅವರಿಗೆ ಬಿಪಿ, ಮಂಡಿ ನೋವು. ಮಗಳು ಮೂರನೇ ಕ್ಲಾಸು. ಇನ್ನು ದಿನಾ ವಂಡರ್‌ಲಾಗೆ ಹೋಗೋದು ಅಂತ ಅವಳು ಆಗಲೇ ಸ್ಕೂಲಲ್ಲಿ ಹೇಳಿಕೊಂಡು ಬಂದಿದ್ದಾಳೆ! ಹೆಂಡತಿಗೆ ಮಾತ್ರ ಮನಸ್ಸಿಲ್ಲ. ರಜೆ ಬಂದರೆ ಜನ, ಬಸ್ಸು, ಕಿರುಚಾಟ, ನೆಮ್ಮದಿಯೇ ಇರಲ್ಲ ಅನ್ನುತ್ತಾಳೆ. ಸೇಲ್ಸ್ ಹುಡುಗ, ಪಾರ್ಕ್ ಇರೋದ್ರಿಂದಲೇ ರೇಟು ಏರುತ್ತೆ ಸರ್ ಅಂತಾನೆ. ಆ ಕಡೆ ಇರುವವರು ಯಾರಾದರೂ ಇದ್ದರೆ ನಿಜ ಹೇಳಿ.

ಮೈಸೂರು ಮಲ್ಲಿಗೆ 77:

ನೋಡಲು ಹೋಗಿದ್ದು ಯಾವ ವಾರ? ಬುಧವಾರ ಹೋಗಿದ್ದರೆ ಲೆಕ್ಕಕ್ಕಿಲ್ಲ. ಡಿಸೆಂಬರ್‌ನಲ್ಲಿ ಸ್ಕೂಲ್ ಟ್ರಿಪ್ಪಿನ ಬಸ್ಸುಗಳು ಸಾಲಾಗಿ ನಿಂತಿರುವಾಗ ಒಂದು ಸಲ ಹೋಗಿ ನೋಡಿ. ಆಮೇಲೆ ಅಡ್ವಾನ್ಸ್ ಕೊಡಿ.

ಹೆಜ್ಜಾಲ ನರ್ಸರಿ:

ಸರ್, ಹೆಜ್ಜಾಲದ ಹತ್ತಿರ ನನ್ನದೊಂದು ಗಿಡದ ನರ್ಸರಿ ಇದೆ. ಈ ವಿಲ್ಲಾಗಳಿಗೆ ಗಿಡ, ಹುಲ್ಲು ಹಾಕಿಕೊಡುವುದೇ ನನ್ನ ಕಸುಬು. ಹಾಗಾಗಿ ಮನೆಗಳ ಒಳಗೆ ಹೊರಗೆ ಎರಡೂ ಗೊತ್ತು. 2005ರಲ್ಲಿ ವಂಡರ್‌ಲಾ ಶುರುವಾದಾಗ ಸುತ್ತ ರಾಗಿ ಹೊಲ, ರೇಷ್ಮೆಹುಳಕ್ಕೆ ಹಾಕುವ ಹಿಪ್ಪುನೇರಳೆ ತೋಟ. ಮನೆ ಯಾರು ತಗೋತಾರೆ ಇಲ್ಲಿ ಅಂತ ನಾವೇ ನಗುತ್ತಿದ್ದೆವು.

ಪಾರ್ಕಿಗೆ ಹೆದರಬೇಡಿ ಅಂತ ಮೇಡಂಗೆ ಹೇಳಿ. ಗಾಳಿ ಈ ಕಡೆ ಬೀಸಿದರೆ ಹಾಡು ಕೇಳುತ್ತದೆ, ಮಕ್ಕಳು ಕೂಗುವುದು ಕೇಳುತ್ತದೆ. ಆದರೆ ಸಂಜೆ ಆರು, ಏಳಕ್ಕೆಲ್ಲ ಬಾಗಿಲು ಹಾಕಿ ಮನೆಗೆ ಹೋಗುತ್ತಾರೆ. ರಾತ್ರಿಯೆಲ್ಲ ಎಚ್ಚರ ಇರುವುದು ರಸ್ತೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಧ್ಯರಾತ್ರಿ ಲಾರಿ, ಬಸ್ಸುಗಳ ಟಯರ್ ಸದ್ದು ಇದೆಯಲ್ಲ, ಅದಕ್ಕೆ ರಜೆ ಇಲ್ಲ. ಮಲಗುವ ಕೋಣೆ ರಸ್ತೆ ಕಡೆ ಇದೆಯಾ ನೋಡಿ. ಮಧ್ಯೆ ಬೇವು, ಹೊಂಗೆ ದಟ್ಟವಾಗಿ ಬೆಳೆಸಿದರೆ ಧೂಳು ಸ್ವಲ್ಪ ತಡೆಯುತ್ತದೆ, ಸದ್ದು ಅಷ್ಟಾಗಿ ತಡೆಯಲ್ಲ. ಗಿಡ ಮಾರುವವನೇ ಹೇಳುತ್ತಿದ್ದೇನೆ.

ರಸ್ತೆಯದೇ ಇನ್ನೊಂದು ವಿಷಯ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು, ಅದೇ ಆಗಸ್ಟ್‌ 1ರಿಂದ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುತ್ತಿಲ್ಲ. ನೀವು ಕಾರಿನವರು, ನಿಮಗೇನು ಅನ್ನಿಸಬಹುದು. ಆದರೆ ನಿಮ್ಮ ಮನೆಗೆಲಸದವರು, ಅಡುಗೆಯವರು, ನಮ್ಮ ಮಾಲಿ ಹುಡುಗರು ಎಲ್ಲ ಬರುವುದು ಬೈಕಿನಲ್ಲಿ, ಸರ್ವಿಸ್ ರಸ್ತೆಯಲ್ಲಿ. ಪಾರ್ಕಿಗೆ ಬರುವ ಕಾರು, ಬಸ್ಸುಗಳೂ ಕೊನೆಗೆ ಇಳಿಯುವುದು ಅಲ್ಲಿಗೇ. ಶನಿವಾರ, ಭಾನುವಾರ ಬೆಳಗ್ಗೆ ಅದು ಕಟ್ಟಿಕೊಂಡರೆ ನಿಮ್ಮ ಮನೆ ಕೆಲಸ ಮಧ್ಯಾಹ್ನಕ್ಕೆ ಹೋಗುತ್ತದೆ. ಜೋರು ಮಳೆ ಬಂದರೆ ಅಂಡರ್‌ಪಾಸ್‌ಗಳ ಕಡೆ ನೀರು ನಿಲ್ಲುತ್ತದಾ ಅಂತ ಅಲ್ಲಿನ ಅಂಗಡಿಯವರನ್ನೇ ಕೇಳಿ. ಟೋಲೂ ಅಷ್ಟೇ. ಮೈಸೂರು ಕಡೆ ಹೋಗುವಾಗ ಕಣಿಮಿಣಿಕೆ, ಬೆಂಗಳೂರಿಗೆ ಬರುವಾಗ ಶೇಷಗಿರಿಹಳ್ಳಿ. ನಿಮ್ಮ ಗೇಟು ಅದರ ಆಚೆಗೋ ಈಚೆಗೋ ಅಂತ ಈಗಲೇ ನೋಡಿಕೊಳ್ಳಿ. ನೈಸ್ ಟೋಲು ಬೇರೆ ಇದೆ, ವಾರಕ್ಕೆ ಮೂರು ದಿನ ಅಂದರೂ ವರ್ಷಕ್ಕೆ ದೊಡ್ಡ ಮೊತ್ತ.

ನೀರು. ಇದನ್ನು ಯಾರೂ ಕೇಳಲ್ಲ, ಕೊಳ ನೋಡಿ ಮರುಳಾಗುತ್ತಾರೆ. ಇಲ್ಲಿ ಬಹುತೇಕ ಲೇಔಟ್‌ಗಳು ಬೋರ್‌ವೆಲ್ ಮೇಲೆ ನಿಂತಿವೆ. 2024ರ ಬೇಸಿಗೆ ನೆನಪಿದೆಯಲ್ವಾ, ಬೆಂಗಳೂರು ಪೂರ್ತಿ ಟ್ಯಾಂಕರ್ ಹಿಂದೆ ಓಡಿತು. ಆ ಏಪ್ರಿಲ್‌ನಲ್ಲಿ ನಾನು ಹಾಕಿಕೊಟ್ಟ ಹುಲ್ಲು ಎಷ್ಟೋ ಮನೆಗಳಲ್ಲಿ ಒಣಗಿ ಹಪ್ಪಳ ಆಯಿತು. ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ನಿಜವಾಗಿ ಓಡಿಸುತ್ತಿದ್ದ ಲೇಔಟ್‌ಗಳಲ್ಲಿ ಮಾತ್ರ ಹಸಿರು ಉಳಿಯಿತು. ಎಸ್‌ಟಿಪಿ ಇದೆಯಾ ಅಂತ ಕೇಳಬೇಡಿ, ಎಲ್ಲರೂ ಇದೆ ಅಂತಾರೆ. ಅದರಿಂದ ಬರುವ ಒಂದು ಬಕೆಟ್ ನೀರು ತರಿಸಿ ಮೂಸಿ ನೋಡಿ.

ಮೂಸುವುದು ಅಂದಾಗ ವೃಷಭಾವತಿ ನದಿಯ ವಿಷಯ ಹೇಳಲೇಬೇಕು. ಬಸವನಗುಡಿಯಲ್ಲಿ ಹುಟ್ಟಿ, ನಗರದ ಕೊಳಚೆಯನ್ನೆಲ್ಲ ಹೊತ್ತು ಕೆಂಗೇರಿ ದಾಟಿ ಬೈರಮಂಗಲ ಕೆರೆಗೆ ಬರುತ್ತಾಳೆ. ಅಲ್ಲಿ ನೊರೆ ಏಳುವುದನ್ನು ಟಿವಿಯಲ್ಲೂ ನೋಡಿರುತ್ತೀರಿ. ನಿಮ್ಮ ಲೇಔಟ್ ಪಾರ್ಕಿನ ಬದಿಗೇ ಇದ್ದರೆ ಅದರ ತೊಂದರೆ ಅಷ್ಟಿಲ್ಲ. ಹೆದ್ದಾರಿ ದಾಟಿ ಬೈರಮಂಗಲದ ಕಡೆ ಇದ್ದರೆ ಮಾತ್ರ ಬೆಳಗಿನ ಜಾವ ಹೋಗಿ ನಿಂತು ನೋಡಿ.

ಇನ್ನೊಂದು ಮಾತು. ನಾನು ಗಿಡ ನೋಡಿಕೊಳ್ಳುವ ವಿಲ್ಲಾಗಳಲ್ಲಿ ಹೆಚ್ಚಿನವಕ್ಕೆ ವಾರವಿಡೀ ಬೀಗ. ಶನಿವಾರ ಬರುತ್ತಾರೆ, ಬಾರ್ಬೆಕ್ಯೂ ಮಾಡುತ್ತಾರೆ, ಭಾನುವಾರ ರಾತ್ರಿ ಹೊರಡುತ್ತಾರೆ. ಕೆಲವರು ಪಾರ್ಕಿಗೆ ಬರುವವರಿಗೆ ದಿನದ ಬಾಡಿಗೆಗೆ ಕೊಡುತ್ತಾರೆ, ರಾತ್ರಿಯಿಡೀ ಸ್ಪೀಕರ್. ನಿಮ್ಮ ನೆಮ್ಮದಿ ಕೆಡಿಸಿದರೆ ಕೆಡಿಸುವುದು ಈ ಪಕ್ಕದ ಮನೆ, ಪಾರ್ಕಲ್ಲ. ಅಸೋಸಿಯೇಷನ್ ಬೈಲಾದಲ್ಲಿ ದಿನದ ಬಾಡಿಗೆ ಬೇಡ ಅಂತ ಇದೆಯಾ ಕೇಳಿ. ಅಮ್ಮನ ವಿಷಯವೂ ಇದಕ್ಕೇ ಸೇರಿತು. ರಾಜಾಜಿನಗರದಲ್ಲಿ ಬಾಗಿಲು ತೆಗೆದರೆ ದೇವಸ್ಥಾನ, ಹೂವಿನವಳು, ಪಕ್ಕದ್ಮನೆ ಮಾತು. ಇಲ್ಲಿ ಮಂಗಳವಾರ ಮಧ್ಯಾಹ್ನ ಮಾತಾಡಿಸಲು ಸಿಗುವುದು ಸೆಕ್ಯೂರಿಟಿ ಒಬ್ಬನೇ. ಆಸ್ಪತ್ರೆಗೆ ಅಂಥ ಕಷ್ಟ ಇಲ್ಲ, ಕಂಬೀಪುರದ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೇ ರಸ್ತೆಯಲ್ಲಿದೆ.

ನಿವೃತ್ತ ಗುಮಾಸ್ತ:

ನರ್ಸರಿಯವರು ಹೇಳಿದ್ದು ಸರಿ. ನನ್ನದು ಕಾಗದದ ಮಾತು. ಡಿಸಿ ಕನ್ವರ್ಷನ್ ಆದೇಶ (ಕೃಷಿ ಜಮೀನನ್ನು ಮನೆಗೆ ಬದಲಿಸಿದ್ದು), ಅನುಮೋದಿತ ನಕ್ಷೆ, ಇಸಿ (ಋಣಭಾರ ಪತ್ರ), ರೇರಾ ನಂಬರು (ಯೋಜನೆಯ ನೋಂದಣಿ), ಓಸಿ (ವಾಸಕ್ಕೆ ಅನುಮತಿ ಪತ್ರ). ಇವನ್ನು ಅವರ ವಕೀಲರಲ್ಲ, ನಿಮ್ಮ ವಕೀಲರು ನೋಡಬೇಕು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2 ಆಗಿದೆ. ಮೂರೂವರೆ ಕೋಟಿಗೆ ಅದೇ ಏಳು ಲಕ್ಷ. ಶೇ 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ಸು ಬೇರೆ. ಸೇಲ್ಸ್ ಹುಡುಗ ಇದನ್ನು ಸೇರಿಸಿ ಹೇಳಿರಲ್ಲ.

ಸರ್ಕಾರ ಕಟ್ಟಲು ಹೊರಟಿರುವ ಬಿಡದಿ ಉಪನಗರಕ್ಕೆ ಬೈರಮಂಗಲ, ಕಂಚುಗಾರನಹಳ್ಳಿ ಪಂಚಾಯಿತಿಗಳ ಹಳ್ಳಿಗಳಲ್ಲಿ ಸಾವಿರಾರು ಎಕರೆ ಗುರುತು ಮಾಡಿದ್ದಾರೆ, ರೈತರು ಹೋರಾಟ ಮಾಡುತ್ತಿದ್ದಾರೆ. ನಿಮ್ಮ ಸರ್ವೆ ನಂಬರ್ ಅದರೊಳಗೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಶಬ್ದಕ್ಕೂ 2000ದ ನಿಯಮ ಇದೆ: ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. ಫೋನಿನ ಆಪ್‌ನಲ್ಲಿ ಅಳೆದರೆ ಒಂದು ಅಂದಾಜು ಸಿಗುತ್ತದೆ.

ರಾಜಾಜಿನಗರದವನು:

ನರ್ಸರಿ ಸರ್, ತುಂಬಾ ಥ್ಯಾಂಕ್ಸ್. ನಿಮ್ಮ ಉತ್ತರವನ್ನು ಹೆಂಡತಿಗೆ ಓದಿ ಹೇಳಿದೆ. ಹಾಗಾದರೆ ಬೇಡ ಅಂತೀರಾ? ಮೆಟ್ರೋ ಬರುತ್ತೆ ಅಂತಾರಲ್ಲ?

ಹೆಜ್ಜಾಲ ನರ್ಸರಿ:

ಮೆಟ್ರೋ ಈಗ ಚಲ್ಲಘಟ್ಟದವರೆಗೆ ಇದೆ. ಅಲ್ಲಿಂದ ಇಲ್ಲಿಗೆ ನಿಮ್ಮ ಕಾರೇ ಗತಿ. ಬರುವ ಮೆಟ್ರೋಗೆ ಈಗಲೇ ದುಡ್ಡು ಕೊಡಬೇಡಿ.

ಬೇಡ ಅಂತ ಅಲ್ಲ ಸರ್. ಇಲ್ಲಿ ಗಾಳಿ ಚೆನ್ನಾಗಿದೆ, ಬೆಟ್ಟ ಕಾಣುತ್ತದೆ, ತಟ್ಟೆ ಇಡ್ಲಿಗೆ ಕ್ಯೂ ನಿಲ್ಲದೆ ವಾರದ ದಿನವೇ ಹೋಗಬಹುದು. ಬೀಗ ಹಾಕಿದ ಮನೆಗಳು ಇಷ್ಟಿವೆ ಅಂದೆನಲ್ಲ, ಅವುಗಳಲ್ಲೇ ಒಂದನ್ನು ವರ್ಷಕ್ಕೆ ಬಾಡಿಗೆಗೆ ಕೇಳಿ. ನಿಮ್ಮ ಕೊಂಡುಕೊಳ್ಳುವ ಬೆಲೆಗೆ ಹೋಲಿಸಿದರೆ ಬಾಡಿಗೆ ತುಂಬಾ ಕಡಿಮೆ, ಮನೆ ಪಾಳು ಬೀಳದಿದ್ದರೆ ಸಾಕು ಅನ್ನುವ ಓನರ್‌ಗಳಿದ್ದಾರೆ. ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ಡಿಸೆಂಬರ್ ಕಳೆಯಲಿ. ಮಗಳಿಗೆ ಪಾರ್ಕ್ ಬೇಜಾರಾಗುತ್ತದಾ ಅನ್ನುವುದೂ ತಿಳಿಯುತ್ತದೆ, ನನ್ನ ಮಗನಿಗೆ ಬೇಗ ಬೇಜಾರಾಯಿತು. ಅಗ್ರಿಮೆಂಟ್‌ನಲ್ಲಿ ಮೇಂಟೆನೆನ್ಸ್, ಟ್ಯಾಂಕರ್ ದುಡ್ಡು ಯಾರು ಕೊಡಬೇಕು ಅಂತ ಮಾತ್ರ ಬರೆಸಿಕೊಳ್ಳಿ. ಎರಡು ಮೂರು ಮನೆ ನನಗೆ ಗೊತ್ತಿವೆ, ಓನರ್‌ಗಳನ್ನು ಕೇಳಿ ಹೇಳುತ್ತೇನೆ.