ಮಹಡಿ ಮೇಲಿನ ಸಿಸ್ಟಮ್‌ನಿಂದ ಕೆಳಗಿನ ಲ್ಯಾಪ್‌ಟಾಪ್‌ಗೆ 180 ಜಿಬಿ ಹೋಗ್ತಾನೇ ಇಲ್ಲ

ಕೆಎ13_ಸ್ಟುಡಿಯೋ (ಹಾಸನ): ಮದುವೆ ವಿಡಿಯೋ 180 ಜಿಬಿ. ಸಿಸ್ಟಮ್ ವಿಂಡೋಸ್ 10, ಲ್ಯಾಪ್‌ಟಾಪ್ 11. ಫೋಲ್ಡರ್ ಶೇರ್ ಮಾಡಿದೀನಿ, ಎವ್ರಿಒನ್ (ಎಲ್ಲರಿಗೂ) ಪರ್ಮಿಷನ್ ಕೊಟ್ಟಿದೀನಿ, ಫೈರ್‌ವಾಲ್ ಆಫ್. ಆದ್ರೂ ನೆಟ್‌ವರ್ಕ್ ಪಾತ್ ಸಿಗ್ತಿಲ್ಲ ಅಂತ ಎರರ್, ಕೊನೇಲಿ 80070035. ಎಲ್ಲಾ ಟ್ರೈ ಮಾಡಾಯ್ತು. ಪೆನ್‌ಡ್ರೈವ್ ಅಂತ ಮಾತ್ರ ಹೇಳ್ಬೇಡಿ.

ಘಾಟಿ_ಗುರು: ಎಸ್‌ಎಂಬಿ 1 (ವಿಂಡೋಸ್ ಫೈಲ್ ಶೇರಿಂಗ್‌ನ ಹಳೇ ಪದ್ಧತಿ) ಆಫ್ ಇರುತ್ತೆ. ವಿಂಡೋಸ್ ಫೀಚರ್ಸ್‌ನಲ್ಲಿ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿ.

ಕೆಎ13_ಸ್ಟುಡಿಯೋ: ಎರಡರಲ್ಲೂ ಹಾಕ್ದೆ. ಅದೇ ಎರರ್.

ಘಾಟಿ_ಗುರು: ಸರ್ವರ್, ಕ್ಲೈಂಟ್ ಎರಡಕ್ಕೂ ಟಿಕ್ ಇದೆಯಾ ನೋಡಿ. ಅದೇ ಸಮಸ್ಯೆ, ಬರೆದಿಟ್ಕೊಳ್ಳಿ.

ಹೇಮಾವತಿ_ಲಿನಕ್ಸ್: ಅದಲ್ಲ ಮಾರಾಯ್ರೆ. 10 ಮತ್ತು 11 ತಮ್ಮಲ್ಲೇ ಎಸ್‌ಎಂಬಿ 3ರಲ್ಲಿ ಮಾತಾಡ್ತವೆ, 1 ಯಾಕೆ ಬೇಕು? 2017ರ ವಾನಾಕ್ರೈ (ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವೈರಸ್) ಹರಡಿದ್ದೇ ಆ ಬಾಗಿಲಿಂದ. ಪೋಸ್ಟ್ ಹಾಕಿದವರೇ, ಎರಡರ ಐಪಿ (ನೆಟ್‌ವರ್ಕ್ ವಿಳಾಸ) ಹೇಳಿ.

ಘಾಟಿ_ಗುರು: ಮನೆಯೊಳಗೆ ಯಾವ ವೈರಸ್ ಬರುತ್ತೆ ಸ್ವಾಮಿ, ಲಿನಕ್ಸ್‌ನೋರದ್ದು ಬರೀ ಭಯ.

ಕೆಎ13_ಸ್ಟುಡಿಯೋ: ಸಿಸ್ಟಮ್ 192.168.0.101, ಲ್ಯಾಪ್‌ಟಾಪ್ 192.168.1.34. ಎರಡೂ ಒಂದೇ ವೈಫೈ ಹೆಸರು. ಮೇಲೆ ಸಿಗ್ನಲ್ ಬರಲ್ಲ ಅಂತ ಇನ್ನೊಂದು ರೂಟರ್ ಇದೆ, ಅದು ಎಲ್ಲರ ಮನೇಲೂ ಇರುತ್ತಲ್ವಾ.

ಹೇಮಾವತಿ_ಲಿನಕ್ಸ್: ಇದನ್ನ ಮೊದಲೇ ಹೇಳ್ಬಾರ್ದಾ! ಹೆಸರು ಒಂದೇ, ನೆಟ್‌ವರ್ಕ್ ಎರಡು (ಐಪಿಯ ಮೂರನೇ ನಂಬರ್ ಬೇರೆ ನೋಡಿ). ಮೇಲಿನ ರೂಟರ್ ನ್ಯಾಟ್ ಮಾಡ್ತಿದೆ, ಅಂದ್ರೆ ಮೇಲಿನವನ್ನೆಲ್ಲ ತನ್ನೊಂದು ಐಪಿ ಹಿಂದೆ ಬಚ್ಚಿಡ್ತಿದೆ. ಮೇಲಿಂದ ಕೆಳಗೆ ಹೋಗಬಹುದು, ಕೆಳಗಿಂದ ಮೇಲೆ ಹತ್ತೋಕಾಗಲ್ಲ. ಮೇಲಿನ ರೂಟರ್‌ನಲ್ಲಿ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ಐಪಿ 192.168.1.2 ಮಾಡಿ (ಆ ನಂಬರ್ ಬೇರೆ ಯಾರಿಗೂ ಹೋಗಿರಬಾರದು), ಡಿಎಚ್‌ಸಿಪಿ (ಐಪಿ ಹಂಚೋ ಕೆಲಸ) ಆಫ್ ಮಾಡಿ, ಆಮೇಲೆ ವ್ಯಾನ್ (ಇಂಟರ್ನೆಟ್ ಬರೋ) ಪೋರ್ಟ್‌ನಲ್ಲಿರೋ ಕೇಬಲ್ ಕಿತ್ತು ಲ್ಯಾನ್ ಪೋರ್ಟ್‌ಗೆ ಹಾಕಿ. ಕೇಬಲ್ ಮೊದಲು ಬದಲಾಯಿಸಿದ್ರೆ ಎರಡು ರೂಟರ್ರೂ ಐಪಿ ಹಂಚೋಕೆ ಶುರು ಮಾಡಿ ಇಡೀ ಮನೆ ನೆಟ್ ಕೂತ್ಬಿಡುತ್ತೆ.

ರೋಬಸ್ಟಾ_18: ಅಷ್ಟೆಲ್ಲ ಯಾಕೆ? ಲ್ಯಾಪ್‌ಟಾಪ್‌ನಲ್ಲಿ ಫೋಲ್ಡರ್ ಶೇರ್ ಮಾಡಿ, ಮೇಲಿಂದ ತಳ್ಳಿ. ಪಾಸ್‌ವರ್ಡ್ ಕೇಳಿದ್ರೆ ಪಿನ್ ನಡೆಯಲ್ಲ, ಅಕೌಂಟ್ ಪಾಸ್‌ವರ್ಡೇ ಬೇಕು. ಬಿಟ್ಟು ಬಿಟ್ಟು ಕಳಿಸ್ಬೇಕಾದ್ರೆ ವಿಂಡೋಸ್‌ನಲ್ಲೇ ಇರೋ ರೋಬೋಕಾಪಿ ಕಮಾಂಡ್ ಒಳ್ಳೇದು. ಮಧ್ಯೆ ಕರೆಂಟ್ ಹೋದ್ರೆ ಅದೇ ಕಮಾಂಡ್ ಮತ್ತೆ ಕೊಡಿ, ಆಗಿರೋ ಫೈಲ್ ಬಿಟ್ಟು ಮುಂದಕ್ಕೆ ಹೋಗುತ್ತೆ.

ಹೇಮಾವತಿ_ಲಿನಕ್ಸ್: ಇವತ್ತಿಗೆ ನಡೆಯುತ್ತೆ. ನಾಳೆ ಮೇಲಿನ ಪ್ರಿಂಟರ್ ಕೆಳಗೆ ಕಾಣಲ್ಲ ಅಂತ ಮತ್ತೆ ಪೋಸ್ಟ್ ಬರುತ್ತೆ.

ಕೆಎ13_ಸ್ಟುಡಿಯೋ: ಕೇಬಲ್ ಲ್ಯಾನ್‌ಗೆ ಹಾಕ್ದೆ, ಫೋಲ್ಡರ್ ಓಪನ್ ಆಯ್ತು!! ಆದ್ರೆ ಎರಡಕ್ಕೂ ವೈರ್ ಹಾಕಿದ್ರೂ ಸೆಕೆಂಡಿಗೆ 11.3 ಎಂಬಿ ದಾಟ್ತಿಲ್ಲ. ನಾಲ್ಕೂವರೆ ಗಂಟೆ ತೋರಿಸ್ತಿದೆ.

ಹೇಮಾವತಿ_ಲಿನಕ್ಸ್: 11ರ ಆಸುಪಾಸಲ್ಲಿ ನಿಂತ್ರೆ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್, 8 ಬಿಟ್‌ಗೆ ಒಂದು ಬೈಟ್) ಲಿಂಕ್. ಡಿಸ್ಕ್ ತಪ್ಪಲ್ಲ. 300 ಅಂತ ಬರೆದಿರೋ ಅಗ್ಗದ ರೂಟರ್‌ಗಳಲ್ಲಿ ಆ 300 ವೈಫೈದು, ಪೋರ್ಟ್ ಸಾಮಾನ್ಯವಾಗಿ 100ರದ್ದೇ. ಸಿಸ್ಟಮನ್ನೇ ಕೆಳಗೆ ತಂದು ಲ್ಯಾಪ್‌ಟಾಪ್‌ಗೆ ಒಂದೇ ಕೇಬಲ್‌ನಲ್ಲಿ ನೇರ ಸೇರಿಸಿ. ಐಪಿ ನೀವೇ ಹಾಕಿ: 192.168.50.1 ಒಂದಕ್ಕೆ, 192.168.50.2 ಇನ್ನೊಂದಕ್ಕೆ, ಮಾಸ್ಕ್ 255.255.255.0, ಗೇಟ್‌ವೇ ಖಾಲಿ. ಅಂಥ ನೆಟ್‌ವರ್ಕನ್ನ ವಿಂಡೋಸ್ ಪಬ್ಲಿಕ್ ಅಂತ ತಗೊಳುತ್ತೆ, ಪ್ರೈವೇಟ್ ಮಾಡ್ಕೊಳ್ಳಿ. ಫೈರ್‌ವಾಲ್ ವಾಪಸ್ ಆನ್ ಮಾಡಿ.

ರೋಬಸ್ಟಾ_18: ನಮ್ಮ ತೋಟದ ಮನೆಯಿಂದ ಸ್ಟೋರ್‌ಗೆ ಫೈಬರ್, ಎರಡು ತುದೀಲೂ ಮೀಡಿಯಾ ಕನ್ವರ್ಟರ್ (ಫೈಬರ್‌ನ ಮಾಮೂಲಿ ನೆಟ್‌ವರ್ಕ್ ಕೇಬಲ್‌ಗೆ ಸೇರಿಸೋ ಡಬ್ಬಿ). ತಾಮ್ರದ ಕೇಬಲ್ ಹೊರಗೆ ಎಳೆದ್ರೆ ಭರಣಿ ಮಳೆ ಸಿಡಿಲಿಗೆ ಪೋರ್ಟ್ ಢಮಾರ್. ಫೈಬರ್‌ನಲ್ಲೂ ಸ್ಟೀಲ್ ತಂತಿ ಇದ್ರೆ ಅದನ್ನ ಗೋಡೆ ಹೊರಗೇ ಕತ್ತರಿಸಿ.

ಘಾಟಿ_ಗುರು: ಕೇಳಿದ್ದು ಮಹಡಿಯಿಂದ ಕೆಳಗೆ, ನೀವು ತೋಟಕ್ಕೇ ಕರ್ಕೊಂಡು ಹೋದ್ರಿ.

ಕೆಎ13_ಸ್ಟುಡಿಯೋ: ನೇರ ಹಾಕಿದ್ರೂ 11.3.

ಹೇಮಾವತಿ_ಲಿನಕ್ಸ್: ಹಾಗಾದ್ರೆ ಕೇಬಲ್ಲೇ. ಗಿಗಾಬಿಟ್‌ಗೆ (1000 ಎಂಬಿಪಿಎಸ್) ಎಂಟೂ ಎಳೆ ಬೇಕು. 1, 2, 3, 6ನೇ ಪಿನ್ ಮಾತ್ರ ಹತ್ತಿದ್ರೆ ಸದ್ದಿಲ್ಲದೆ 100ಕ್ಕೆ ಇಳಿಯುತ್ತೆ. ಪ್ಲಗ್ಗನ್ನ ಬೆಳಕಿಗೆ ಹಿಡಿದು ತುದಿ ನೋಡಿ.

ಕೆಎ13_ಸ್ಟುಡಿಯೋ: ಕಂದು ಬಣ್ಣದ ಎಳೆ ಪಿನ್‌ವರೆಗೆ ಬಂದೇ ಇಲ್ಲ, ಎರಡು ಮಿಲಿಮೀಟರ್ ಹಿಂದೆ ನಿಂತಿದೆ. ಲ್ಯಾಪ್‌ಟಾಪ್ ಜೊತೆ ಇದ್ದ ಬೇರೆ ಕೇಬಲ್ ಹಾಕ್ದೆ, 108. ಅರ್ಧ ಗಂಟೆ ಅಂತಿದೆ.

ಹೇಮಾವತಿ_ಲಿನಕ್ಸ್: ಕಾಪಿ ಮುಗಿದ ಮೇಲೆ ಆ ಎಸ್‌ಎಂಬಿ 1 ಟಿಕ್ ತೆಗೀರಿ, ಎರಡರಲ್ಲೂ.

ಘಾಟಿ_ಗುರು: ಇರ್ಲಿ ಬಿಡಿ, ಏನೂ ಆಗಲ್ಲ.