ಅಪ್‌ಡೇಟ್: ಅಣ್ಣನ ಸ್ಟ್ಯಾಟಿನ್ ಮಾತ್ರೆ ಏನಾಯಿತು

ಮೂರು ವಾರದ ಹಿಂದೆ ಇಲ್ಲಿ ಕೇಳಿದ್ದೆ. ಮಾಟುಂಗಾದ ಹೋಟೆಲಿನಲ್ಲಿ ಗಲ್ಲೆ ನೋಡಿಕೊಳ್ಳುವ ನನ್ನ ಅಣ್ಣನಿಗೆ 51 ವರ್ಷ, ಎಚ್‌ಐವಿ ಇದೆ. ಕೊಲೆಸ್ಟರಾಲ್ ಅಷ್ಟೇನೂ ಜಾಸ್ತಿ ಇಲ್ಲದಿದ್ದರೂ ಮನೆ ಹತ್ತಿರದ ಡಾಕ್ಟರ್ ಸಿಮ್ವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್, ಅಂದರೆ ಕೊಲೆಸ್ಟರಾಲ್ ಇಳಿಸುವ ಮಾತ್ರೆ, ಬರೆದಿದ್ದರು. ನಿಜವಾಗಿ ಬೇಕಾ ಅಂತ.

"ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಎಆರ್‌ಟಿ ಸೆಂಟರ್‌ಗೆ (ಎಚ್‌ಐವಿ ಔಷಧಿ ಕೊಡುವ ಕೇಂದ್ರ) ಒಯ್ದು ತೋರಿಸಿ" ಎಂದವರಿಗೆ ಕೈ ಮುಗಿಯುತ್ತೇನೆ. ಅದೇ ನಮ್ಮನ್ನು ಉಳಿಸಿತು. ಎಚ್‌ಐವಿಗೆ ಅಣ್ಣ ತಗೊಳ್ಳುವ ಮಾತ್ರೆಗಳಲ್ಲಿ ಅಟಾಜನಾವಿರ್, ರಿಟೋನಾವಿರ್ ಇವೆ. ರಿಟೋನಾವಿರ್ ಜೊತೆ ಸಿಮ್ವಾಸ್ಟ್ಯಾಟಿನ್ ಕೊಡಲೇಬಾರದಂತೆ. ರಕ್ತದಲ್ಲಿ ಅದರ ಪ್ರಮಾಣ ವಿಪರೀತ ಏರಿ ಸ್ನಾಯು, ಕಿಡ್ನಿಗೆ ಪೆಟ್ಟು ಬೀಳಬಹುದು. ಸೆಂಟರ್‌ನ ಡಾಕ್ಟರ್ ಅದನ್ನು ಅಲ್ಲೇ ನಿಲ್ಲಿಸಿ ಪಿಟಾವಾಸ್ಟ್ಯಾಟಿನ್ ಎಂಬ ಬೇರೆ ಸ್ಟ್ಯಾಟಿನ್ 4 ಮಿ.ಗ್ರಾಂ ಕೊಟ್ಟರು.

ಸ್ಟ್ಯಾಟಿನ್ ಮಾತ್ರ ಬೇಕೇ ಬೇಕು ಎಂದರು. ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಪತ್ತೆಯಾಗದಷ್ಟು ಕಡಿಮೆಯಿದ್ದರೂ ಹೃದಯಕ್ಕೆ ಅಪಾಯ ತರುವ ಸಣ್ಣ ಉರಿಯೂತ ರಕ್ತನಾಳಗಳಲ್ಲಿ ಉಳಿದೇ ಇರುತ್ತದೆ. ನನಗಿದು ಗೊತ್ತೇ ಇರಲಿಲ್ಲ. 2023ರಲ್ಲಿ ಫಲಿತಾಂಶ ಬಂದ ರಿಪ್ರೀವ್ ಅಧ್ಯಯನದಲ್ಲಿ ಎಚ್‌ಐವಿ ಇರುವ 7,769 ಜನರಿದ್ದರು, ನಮ್ಮ ದೇಶದವರೂ ಸೇರಿ. ಪಿಟಾವಾಸ್ಟ್ಯಾಟಿನ್ ತಗೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆ ಸುಮಾರು 35% ಕಡಿಮೆಯಾಗಿತ್ತು.

ಕೊಲೆಸ್ಟರಾಲ್‌ಗೆ ಅಂತ ಅಣ್ಣ ಹಸಿ ಬೆಳ್ಳುಳ್ಳಿ ತಿಂದು ನೋಡಿದ್ದ, ಆ ಉಪಾಯ ಕೆಲಸ ಮಾಡಲಿಲ್ಲ. ಎದೆಯುರಿ ಶುರುವಾಯಿತು, ಅದಕ್ಕೆ ಅಣ್ಣ ಸುಮ್ನೆ ಅಸಿಡಿಟಿ ಮಾತ್ರೆ ನುಂಗುತ್ತಿದ್ದ. ಅಸಿಡಿಟಿ ಮಾತ್ರೆ ತಗೊಂಡರೆ ಅಟಾಜನಾವಿರ್ ಮೈಗೆ ಸರಿಯಾಗಿ ಹಿಡಿಯುವುದಿಲ್ಲವಂತೆ! ದಯವಿಟ್ಟು ಅದನ್ನೂ ಕೇಳದೆ ತಗೋಬೇಡಿ.

ಅಣ್ಣ ಸಿಗರೇಟು ಬಿಟ್ಟು ಹದಿನೆಂಟು ದಿನ. ಬೆಳಿಗ್ಗೆ ಫೈವ್ ಗಾರ್ಡನ್ಸ್‌ನಲ್ಲಿ ನಡೆಯುತ್ತಾನೆ, ನಾನೂ ಜೊತೆಗಿರುತ್ತೇನೆ. ಮುಂದಿನ ರಕ್ತ ಪರೀಕ್ಷೆ ಆದಮೇಲೆ ಮತ್ತೆ ಬರೆಯುತ್ತೇನೆ.